ಮಿರರ್ ಅರೇಯಲ್ಲಿ ಒಂದು ಡಿಸ್ಕ್ ಕೈಕೊಟ್ಟಾಗ: ದೋಷ ಪತ್ತೆಯಿಂದ ರೀಬಿಲ್ಡ್‌ವರೆಗೆ

ಒಂದೇ ಡೇಟಾವನ್ನು ಎರಡರಲ್ಲೂ ಇಡುವ ಡಿಸ್ಕ್ ಜೋಡಿಗೆ ಮಿರರ್ ಅರೇ ಎನ್ನುತ್ತಾರೆ. ಇಂಥ ಎರಡು ಡಿಸ್ಕ್‌ಗಳ ಮಿರರ್‌ನಲ್ಲಿ ಒಂದು ಸತ್ತರೂ ಸರ್ವರ್ ಏನೂ ಆಗದಂತೆ ಓಡುತ್ತಲೇ ಇರುತ್ತದೆ. ಸತ್ತ ಡಿಸ್ಕ್‌ನಿಂದ ಇನ್ನು ನಷ್ಟವಾಗುವಂಥದ್ದು ಏನೂ ಇಲ್ಲ. ಈಗ ಕಾಪಾಡಬೇಕಾದದ್ದು ಉಳಿದಿರುವ ಡಿಸ್ಕ್ ಅನ್ನು, ಏಕೆಂದರೆ ಡೇಟಾದ ಒಂದೇ ಪ್ರತಿ ಇರುವುದು ಅದರಲ್ಲಿ. ಈ ಕೆಲಸದಲ್ಲಿ ಡೇಟಾ ಹೋಗುವ ದಾರಿಗಳು ಮುಖ್ಯವಾಗಿ ಮೂರು: ಸತ್ತದ್ದರ ಬದಲು ಚೆನ್ನಾಗಿರುವ ಡಿಸ್ಕ್ ಎಳೆದುಬಿಡುವುದು, ಖಾಲಿ ಡಿಸ್ಕ್‌ನ ಪಾರ್ಟಿಷನ್ ಟೇಬಲ್ಲನ್ನು (ಡಿಸ್ಕ್‌ನ ಭಾಗಗಳ ಪಟ್ಟಿ) ತುಂಬಿದ ಡಿಸ್ಕ್ ಮೇಲೆ ಬರೆಯುವುದು, ರೀಬಿಲ್ಡ್ (ಹೊಸ ಡಿಸ್ಕ್‌ಗೆ ಡೇಟಾ ನಕಲಾಗುವುದು) ಅರ್ಧ ಆಗುವಷ್ಟರಲ್ಲಿ ಉಳಿದ ಡಿಸ್ಕೂ ಓದಲು ಆಗದೆ ನಿಲ್ಲುವುದು. ಕೆಳಗಿನ ಹಂತಗಳ ಕ್ರಮ ಈ ಮೂರನ್ನೂ ತಪ್ಪಿಸಲೆಂದೇ ಇದೆ.

ಇಲ್ಲಿನ ವಿವರ ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ 1ಕ್ಕೆ (ರೇಡ್ ಕಾರ್ಡ್ ಇಲ್ಲದೆ ಲಿನಕ್ಸೇ ನಡೆಸುವ ಮಿರರ್) ಸಂಬಂಧಿಸಿದ್ದು. ಅದನ್ನು ನಿಭಾಯಿಸುವ ಕಮಾಂಡ್ ಎಂಡಿಎಡಿಎಂ. ಉದಾಹರಣೆಗಳಲ್ಲಿ ಎಸ್‌ಡಿಎ ಚೆನ್ನಾಗಿರುವ ಡಿಸ್ಕ್, ಎಸ್‌ಡಿಬಿ ಕೈಕೊಟ್ಟದ್ದು, ಎಸ್‌ಡಿಬಿ1 ಅದರ ಮೊದಲ ಪಾರ್ಟಿಷನ್, ಎಂಡಿ0 ಅರೇಯ ಹೆಸರು. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ನಿಜಕ್ಕೂ ಡಿಸ್ಕೇ ಹೋಗಿದೆಯೇ?

ಮೊದಲು ಅರೇಯ ಸ್ಥಿತಿ ತೋರಿಸುವ /ಪ್ರಾಕ್/ಎಂಡಿಸ್ಟ್ಯಾಟ್ ಕಡತ ತೆರೆದು ನೋಡಿ. ಹೀಗೆ ಕಾಣುತ್ತದೆ:

ಎಂಡಿ0 : ಆಕ್ಟಿವ್ ರೇಡ್1 ಎಸ್‌ಡಿಬಿ1[1](ಎಫ್) ಎಸ್‌ಡಿಎ1[0]
1953381376 ಬ್ಲಾಕ್ಸ್ ಸೂಪರ್ 1.2 [2/1] [ಯು_]

[2/1] ಎಂದರೆ ಎರಡು ಇರಬೇಕಾದಲ್ಲಿ ಒಂದೇ ಇದೆ. [ಯು_] ನಲ್ಲಿ ಅಡಿಗೆರೆ ಇರುವ ಜಾಗ ಬಿದ್ದುಹೋದ ಸದಸ್ಯನದು. ಎಸ್‌ಡಿಬಿ1ರ ಪಕ್ಕದ (ಎಫ್) ಗುರುತು ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ದೋಷಿ ಎಂದು ಹೊರಹಾಕಿದೆ ಎಂದು ಹೇಳುತ್ತದೆ. (ಎಫ್) ಇಲ್ಲದೆ ಎಸ್‌ಡಿಬಿ1ರ ಹೆಸರೇ ಮಾಯವಾಗಿದ್ದರೆ, ಅರೇ ಶುರುವಾಗುವಾಗಲೇ ಆ ಡಿಸ್ಕ್ ಸಿಕ್ಕಿಲ್ಲ ಎಂದೇ ಸಾಮಾನ್ಯ ಅರ್ಥ. ಆಗ ಮೊದಲು ಕೇಬಲ್ ಮತ್ತು ಪವರ್ ನೋಡಬೇಕು.

ಹೊರಹಾಕಲಾಗಿದೆ ಎಂದ ಮಾತ್ರಕ್ಕೆ ಡಿಸ್ಕ್ ಸತ್ತಿದೆ ಎಂದಲ್ಲ. ಕರ್ನಲ್ ಲಾಗ್‌ನಲ್ಲಿ ಅದು ಬಿದ್ದ ಕ್ಷಣದ ಸಾಲುಗಳನ್ನು ಹುಡುಕಿ. ಯುಎನ್‌ಸಿ ಅಥವಾ ಮೀಡಿಯಂ ಎರರ್ ಎಂದಿದ್ದರೆ ತಟ್ಟೆಯ ಮೇಲೆ ಓದಲಾಗದ ಜಾಗವಿದೆ, ದೋಷ ಡಿಸ್ಕ್‌ನದೇ. ಐಸಿಆರ್‌ಸಿ, ಬ್ಯಾಡ್‌ಸಿಆರ್‌ಸಿ, ಪದೇಪದೇ ಹಾರ್ಡ್ ರೀಸೆಟಿಂಗ್ ಲಿಂಕ್ ಎಂದಿದ್ದರೆ ಡೇಟಾ ದಾರಿಯಲ್ಲೇ ಕೆಡುತ್ತಿದೆ: ಕೇಬಲ್, ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ಕೂರುವ ಕನೆಕ್ಟರ್ ಫಲಕ) ಅಥವಾ ಪವರ್ ಕನೆಕ್ಟರ್. ಎರಡೂ ಡಿಸ್ಕ್‌ಗಳು ಒಂದೇ ಸೆಕೆಂಡಿನಲ್ಲಿ ಬಿದ್ದಿದ್ದರೆ ಡಿಸ್ಕ್‌ಗಳನ್ನು ಮುಟ್ಟಲೇಬೇಡಿ. ಅವೆರಡಕ್ಕೂ ಸಾಮಾನ್ಯವಾದ ಕಂಟ್ರೋಲರ್ ಅಥವಾ ಪವರ್ ಸಪ್ಲೈ ಕಡೆಗೆ ತಿರುಗಿ.

ನಂತರ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ:

ಸ್ಮಾರ್ಟ್‌ಸಿಟಿಎಲ್ -ಎಕ್ಸ್ /ಡೆವ್/ಎಸ್‌ಡಿಬಿ

ಮೇಲುಗಡೆ ಬರುವ ‘ಪಾಸ್ಡ್’ ಎಂಬ ಒಂದು ಪದವನ್ನು ನಂಬಿ ಕೂರಬೇಡಿ. ನೂರಾರು ಸೆಕ್ಟರ್ (ಡಿಸ್ಕ್ ಓದಿ ಬರೆಯುವ ಸಣ್ಣ ತುಂಡು) ಕೆಟ್ಟ ಡಿಸ್ಕೂ ‘ಪಾಸ್ಡ್’ ಎನ್ನಬಲ್ಲದು. ನೋಡಬೇಕಾದದ್ದು ಬಲತುದಿಯ ಕಚ್ಚಾ ಮೌಲ್ಯಗಳನ್ನು. 5ನೇ ಸಾಲು ಈಗಾಗಲೇ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳ ಲೆಕ್ಕ. 197 ಓದಲಾಗದೆ ಬಾಕಿ ಉಳಿದಿರುವವು. 198 ಡಿಸ್ಕ್ ತಾನೇ ಪರೀಕ್ಷಿಸಿಕೊಂಡಾಗ ಸರಿಪಡಿಸಲಾಗದೆ ಹೋದವು. 187 ಹೀಗೆ ಸರಿಪಡಿಸಲಾಗದ್ದನ್ನು ಸರ್ವರ್‌ಗೆ ಎಷ್ಟು ಸಲ ವರದಿ ಮಾಡಿತು ಎಂಬುದು. 5ರ ಅಂಕಿ ಸಣ್ಣದಿದ್ದು ತಿಂಗಳುಗಟ್ಟಲೆ ಹಾಗೇ ನಿಂತಿದ್ದರೆ ಡಿಸ್ಕ್ ಬದುಕೀತು. 197 ಏರುತ್ತಿದ್ದರೆ ಬದಲಿಸಿ, ಕಾಯಬೇಡಿ.

199 ಬೇರೆಯೇ ಜಾತಿ. ಅದು ಸಾಟಾ ಕೇಬಲ್‌ನಲ್ಲಿ ಕೆಟ್ಟ ಡೇಟಾ ಎಣಿಸುತ್ತದೆ, ಒಮ್ಮೆ ಏರಿದರೆ ಇಳಿಯುವುದಿಲ್ಲ. ಈಗಿನ ಅಂಕಿ ಬರೆದಿಟ್ಟುಕೊಂಡು, ಕೇಬಲ್ ಬದಲಿಸಿ ಅಥವಾ ಡಿಸ್ಕ್ ಇರುವ ಟ್ರೇಯನ್ನು ಇನ್ನೊಂದು ಬೇ ಒಳಗೆ (ಟ್ರೇ ಕೂರುವ ಗೂಡು) ಹಾಕಿ, ಕೆಲವು ಗಂಟೆ ಲೋಡ್ ಕೊಟ್ಟ ಮೇಲೆ ಮತ್ತೆ ನೋಡಿ. ಅಲ್ಲೇ ನಿಂತಿದ್ದರೆ ಹೊಸ ಡಿಸ್ಕ್ ಬೇಕಿಲ್ಲ. ಹಳೆಯದನ್ನೇ ಅರೇಗೆ ಮರಳಿಸಿ:

ಎಂಡಿಎಡಿಎಂ /ಡೆವ್/ಎಂಡಿ0 --ರಿ-ಆಡ್ /ಡೆವ್/ಎಸ್‌ಡಿಬಿ1

ಅರೇಯಲ್ಲಿ ರೈಟ್ ಇಂಟೆಂಟ್ ಬಿಟ್‌ಮ್ಯಾಪ್ (ಎಲ್ಲೆಲ್ಲಿ ಬರೆದಿದೆ ಎಂಬುದರ ಗುರುತು) ಇದ್ದರೆ, ಡಿಸ್ಕ್ ಹೊರಗಿದ್ದ ಅವಧಿಯಲ್ಲಿ ಬದಲಾದ ಭಾಗ ಮಾತ್ರ ನಕಲಾಗಿ ನಿಮಿಷಗಳಲ್ಲೇ ಕೆಲಸ ಮುಗಿಯುತ್ತದೆ. ಬಿಟ್‌ಮ್ಯಾಪ್ ಇಲ್ಲದಿದ್ದರೆ --ಆಡ್ ಬಳಸಿ ಪೂರ್ತಿ ನಕಲು ಮಾಡಿಸಬೇಕು.

ಬಹಳ ಜನರನ್ನು ದಾರಿ ತಪ್ಪಿಸುವ ಇನ್ನೊಂದು ಸ್ಥಿತಿ ಇದೆ: ಡಿಸ್ಕ್ ಹೊರಬಿದ್ದಿದೆ, ಆದರೆ ಹೊರತೆಗೆದು ಪರೀಕ್ಷಿಸಿದರೆ ಎಲ್ಲವೂ ಸರಿ ಕಾಣುತ್ತದೆ. ಡೆಸ್ಕ್‌ಟಾಪ್ ದರ್ಜೆಯ ಡಿಸ್ಕ್ ಹಾಕಿದ ಸರ್ವರ್‌ಗಳಲ್ಲಿ ಇದು ಸಾಮಾನ್ಯ. ಇಂಥ ಡಿಸ್ಕ್ ಒಂದು ಕೆಟ್ಟ ಸೆಕ್ಟರ್ ಸಿಕ್ಕರೆ ಅದನ್ನು ಓದಲೇಬೇಕೆಂದು ಒಂದು ನಿಮಿಷಕ್ಕೂ ಹೆಚ್ಚು ಹೆಣಗಾಡಬಹುದು. ಕರ್ನಲ್ ಕಾಯುವುದು 30 ಸೆಕೆಂಡ್ ಮಾತ್ರ, ಆಮೇಲೆ ಲಿಂಕ್ ರೀಸೆಟ್ ಮಾಡುತ್ತದೆ. ಆಗಲೂ ಡಿಸ್ಕ್ ಉತ್ತರಿಸದಿದ್ದರೆ ಅರೇಯಿಂದ ಹೊರಹಾಕುತ್ತದೆ. ಡಿಸ್ಕ್ ಬೇಗ ಕೈಬಿಟ್ಟಿದ್ದರೆ ಆ ಸೆಕ್ಟರನ್ನು ಜೊತೆಗಾರನಿಂದ ಓದಿ ಮತ್ತೆ ಬರೆದು ಸರಿಮಾಡಬಹುದಿತ್ತು. ಡಿಸ್ಕ್‌ಗೆ ಈ ಸೌಲಭ್ಯ ಇದ್ದರೆ ಮಿತಿ ಹಾಕಿ:

ಸ್ಮಾರ್ಟ್‌ಸಿಟಿಎಲ್ -ಎಲ್ ಎಸ್‌ಸಿಟಿಇಆರ್‌ಸಿ,70,70 /ಡೆವ್/ಎಸ್‌ಡಿಎ

70 ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ 7 ಸೆಕೆಂಡ್. ಪವರ್ ಹೋದರೆ ಹೆಚ್ಚಿನ ಡಿಸ್ಕ್‌ಗಳು ಇದನ್ನು ಮರೆತುಬಿಡುತ್ತವೆ, ಆದ್ದರಿಂದ ಬೂಟ್ ಆದಾಗಲೆಲ್ಲ ಓಡುವ ಸ್ಕ್ರಿಪ್ಟ್‌ಗೆ ಸೇರಿಸಿ. ಸೌಲಭ್ಯವೇ ಇಲ್ಲದ ಡಿಸ್ಕ್ ಆದರೆ ಕರ್ನಲ್‌ಗೇ ಹೆಚ್ಚು ತಾಳ್ಮೆ ಕಲಿಸಬೇಕು: /ಸಿಸ್/ಬ್ಲಾಕ್/ಎಸ್‌ಡಿಎ/ಡಿವೈಸ್/ಟೈಮ್‌ಔಟ್ ಕಡತಕ್ಕೆ 180 ಎಂದು ಬರೆಯಿರಿ. ರೀಬಿಲ್ಡ್‌ಗೆ ಮುಂಚೆ ಇದನ್ನು ಉಳಿದ ಡಿಸ್ಕ್‌ಗೆ ಮಾಡಿಯೇ ತೀರಬೇಕು. ಇಲ್ಲವಾದರೆ ಒಂದು ಕೆಟ್ಟ ಸೆಕ್ಟರ್ ಇಡೀ ಕೆಲಸವನ್ನು ಕೆಡಿಸುತ್ತದೆ.

ಉಳಿದ ಡಿಸ್ಕ್‌ನ ಆರೋಗ್ಯ

ಇಲ್ಲಿ ಅವಸರ ಮಾಡಬೇಡಿ. ಒಟ್ಟಿಗೆ ಕೊಂಡು, ಒಂದೇ ಪೆಟ್ಟಿಗೆಯಲ್ಲಿ, ಒಂದೇ ಬಿಸಿಯಲ್ಲಿ, ಒಂದೇ ಲೋಡ್‌ನಲ್ಲಿ ಅಷ್ಟೇ ಗಂಟೆ ಓಡಿದ ಜೋಡಿಯಲ್ಲಿ ಒಂದು ಹೋದಾಗ ಇನ್ನೊಂದು ಗಟ್ಟಿಮುಟ್ಟಾಗಿಯೇ ಇದೆ ಎಂದುಕೊಳ್ಳಲು ಕಾರಣವಿಲ್ಲ. ಮೊದಲು ಎಸ್‌ಡಿಎಯ 5, 197, 198 ನೋಡಿ. ನಂತರ ಬ್ಯಾಕಪ್ ತೆಗೆದುಕೊಳ್ಳಿ, ಈ ಸರ್ವರ್‌ನ ಹೊರಗಿನ ಜಾಗಕ್ಕೆ. ಬ್ಯಾಕಪ್ ಓದುವುದು ಬಳಕೆಯಲ್ಲಿರುವ ಭಾಗವನ್ನು ಮಾತ್ರ, ರೀಬಿಲ್ಡ್ ಓದುವುದು ಮೊದಲ ಸೆಕ್ಟರ್‌ನಿಂದ ಕೊನೆಯದರವರೆಗೆ. ಹಾಗಾಗಿ ಡಿಸ್ಕ್ ದುರ್ಬಲವಾಗಿದ್ದರೂ ಬ್ಯಾಕಪ್ ದಾಟಿಹೋಗುವ ಸಾಧ್ಯತೆ ಹೆಚ್ಚು. ಆ ಅವಕಾಶವನ್ನು ಮೊದಲು ಬಳಸಿಕೊಳ್ಳಬೇಕು.

ಉಳಿದ ಡಿಸ್ಕ್ ಮೇಲೆ ದೀರ್ಘ ಸ್ಮಾರ್ಟ್ ಪರೀಕ್ಷೆ ಓಡಿಸಬೇಕೇ? ಅಂಕಿಗಳೆಲ್ಲ ಸೊನ್ನೆ ಇದ್ದು ಬ್ಯಾಕಪ್ ಸಲೀಸಾಗಿ ಮುಗಿದಿದ್ದರೆ ಬೇಡ ಎಂಬುದೇ ನಮ್ಮ ಅಭಿಪ್ರಾಯ. ಆ ಪರೀಕ್ಷೆಯೂ ರೀಬಿಲ್ಡ್‌ನಷ್ಟೇ ಓದುತ್ತದೆ, ಅಷ್ಟು ಗಂಟೆ ಜೊತೆಗಾರನಿಲ್ಲದೆ ಕಳೆಯುವುದರಲ್ಲಿ ಲಾಭವಿಲ್ಲ. 197 ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ದಾರಿ ಬೇರೆ, ಅದನ್ನು ಮುಂದೆ ಹೇಳಿದೆ.

ಎಸ್‌ಡಿಬಿ ಪೂರ್ತಿ ಸತ್ತಿಲ್ಲ, ಅರೇಯಲ್ಲಿ ಇನ್ನೂ ಇದೆ, ಆದರೆ 197 ಏರುತ್ತಿದೆ ಎಂದಾದರೆ ಅದನ್ನು ಕೈಯಾರೆ --ಫೇಲ್ ಮಾಡಬೇಡಿ. ಹಾಗೆ ಮಾಡಿದರೆ ಮುಕ್ಕಾಲು ಪಾಲು ಚೆನ್ನಾಗಿರುವ ಎರಡನೇ ಪ್ರತಿಯನ್ನು ನೀವೇ ಎಸೆದಂತೆ. ಇನ್ನೊಂದು ಬೇ ಖಾಲಿ ಇದ್ದರೆ ಹೊಸ ಡಿಸ್ಕ್ ಅಲ್ಲಿ ಹಾಕಿ ಪಾರ್ಟಿಷನ್ ಮಾಡಿ, ಸ್ಪೇರ್ (ಬದಲಿಗೆ ಕಾದಿರುವ ಡಿಸ್ಕ್) ಆಗಿ ಸೇರಿಸಿ, ಹೀಗೆ ಹೇಳಿ:

ಎಂಡಿಎಡಿಎಂ /ಡೆವ್/ಎಂಡಿ0 --ರೀಪ್ಲೇಸ್ /ಡೆವ್/ಎಸ್‌ಡಿಬಿ1 --ವಿತ್ /ಡೆವ್/ಎಸ್‌ಡಿಸಿ1

ನಕಲು ಮುಗಿಯುವವರೆಗೂ ಎಸ್‌ಡಿಬಿ ಅರೇಯಲ್ಲೇ ಇರುತ್ತದೆ. ಎಸ್‌ಡಿಎಯಲ್ಲಿ ಓದಲಾಗದ ಸೆಕ್ಟರ್ ಸಿಕ್ಕರೆ ಅದೇ ಸೆಕ್ಟರ್ ಎಸ್‌ಡಿಬಿಯಿಂದ ಸಿಗುತ್ತದೆ. ಎರಡು ಡಿಸ್ಕ್‌ನಲ್ಲೂ ಒಂದೇ ಜಾಗ ಕೆಡುವುದು ಅಪರೂಪ. ಖಾಲಿ ಬೇ ಇಲ್ಲದಿದ್ದರೆ ಮದರ್‌ಬೋರ್ಡ್‌ನ ಬಿಡುವಿರುವ ಸಾಟಾ ಪೋರ್ಟ್‌ಗೆ ತಾತ್ಕಾಲಿಕ ಕೇಬಲ್ ಎಳೆದಾದರೂ ಇದನ್ನು ಮಾಡುವುದು ಮೇಲು.

ಹೊಸ ಡಿಸ್ಕ್

ಪೆಟ್ಟಿಗೆ ಮೇಲಿನ ‘2 ಟಿಬಿ’ ನೋಡಿ ಸುಮ್ಮನಾಗಬೇಡಿ, ಸೆಕ್ಟರ್ ಸಂಖ್ಯೆ ನೋಡಿ. ಈಗಿನ 2 ಟಿಬಿ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ 512 ಬೈಟ್‌ನ 3907029168 ಸೆಕ್ಟರ್, 4 ಟಿಬಿಯಲ್ಲಿ 7814037168 ಇರುತ್ತವೆ. ಹೊಸದರಲ್ಲಿ ಪಾರ್ಟಿಷನ್‌ಗೆ ಸಾಕಾಗದಷ್ಟು ಸೆಕ್ಟರ್ ಕಡಿಮೆ ಇದ್ದರೆ ಅರೇ ಅದನ್ನು ಒಪ್ಪುವುದೇ ಇಲ್ಲ. ದೊಡ್ಡದಾದರೆ ತೊಂದರೆಯಿಲ್ಲ, ಹೆಚ್ಚಿನ ಜಾಗ ಸುಮ್ಮನೆ ಉಳಿಯುತ್ತದೆ.

ಇನ್ನೆರಡು ವಿಷಯ. 4096 ಬೈಟ್ ಸೆಕ್ಟರ್ ಅನ್ನೇ ಹೊರಗೆ ತೋರಿಸುವ ಡಿಸ್ಕ್ ಅನ್ನು 512 ತೋರಿಸುವ ಡಿಸ್ಕ್‌ಗೆ ಜೋಡಿ ಮಾಡಬೇಡಿ, ಪಾರ್ಟಿಷನ್ ಲೆಕ್ಕವೇ ತಾಳೆಯಾಗುವುದಿಲ್ಲ. ಎಸ್‌ಎಂಆರ್ ಬಗೆಯ ಡಿಸ್ಕ್ ಬೇಡ. ಅದರಲ್ಲಿ ಪಟ್ಟಿಗಳು ಒಂದರ ಮೇಲೊಂದು ಹೊದಿಸಿದ ಹೆಂಚಿನಂತೆ ಇರುವುದರಿಂದ, ಎಡೆಬಿಡದೆ ಬರೆಯುವ ಕೆಲಸ ಬಂದಾಗ ವೇಗ ಪಾತಾಳಕ್ಕಿಳಿಯಬಹುದು. ಸಿಎಂಆರ್ (ಪಟ್ಟಿಗಳು ಒಂದರ ಮೇಲೊಂದು ಹೊದಿಸದೆ ಪಕ್ಕಪಕ್ಕ ಇರುವ ಬಗೆ) ಎಂದು ಖಾತ್ರಿ ಮಾಡಿಕೊಂಡೇ ತನ್ನಿ.

ಯಾವ ಟ್ರೇ ಎಳೆಯಬೇಕು?

ಎಸ್‌ಡಿಬಿ ಎಂಬ ಹೆಸರು ಕರ್ನಲ್ ಕೊಟ್ಟದ್ದು, ಪ್ರತಿ ಬೂಟ್‌ಗೂ ಬದಲಾಗಬಹುದು. ‘ಬಿ ಎಂದರೆ ಎರಡನೇ ಬೇ’ ಎಂಬ ಊಹೆಯೇ ತಪ್ಪು ಡಿಸ್ಕ್ ಎಳೆಯಲು ಕಾರಣವಾಗುತ್ತದೆ. ನಂಬಬೇಕಾದದ್ದು ಸೀರಿಯಲ್ ನಂಬರ್ ಒಂದನ್ನೇ:

ಎಲ್‌ಎಸ್‌ಬಿಎಲ್‌ಕೆ -ಓ ನೇಮ್,ಸೈಜ್,ಮಾಡೆಲ್,ಸೀರಿಯಲ್

ಸತ್ತ ಡಿಸ್ಕ್ ಸೀರಿಯಲ್ ಹೇಳಲಾರದ ಸ್ಥಿತಿಯಲ್ಲಿದ್ದರೆ ಬದುಕಿರುವುದರ ಸೀರಿಯಲ್ ಬರೆದುಕೊಳ್ಳಿ. ಅದನ್ನು ಮುಟ್ಟಬಾರದು, ಮಿಕ್ಕಿದ್ದೇ ಸತ್ತದ್ದು. ಬ್ಯಾಕ್‌ಪ್ಲೇನ್‌ಗೆ ಬೆಂಬಲ ಇದ್ದರೆ ಲೆಡ್‌ಸಿಟಿಎಲ್ ಲೊಕೇಟ್=/ಡೆವ್/ಎಸ್‌ಡಿಬಿ ಎಂದರೆ ಆ ಬೇಯ ದೀಪ ಮಿನುಗುತ್ತದೆ. ಇಲ್ಲದಿದ್ದರೆ ಉಳಿದ ಡಿಸ್ಕ್‌ನಿಂದ ಕೆಲವು ಸೆಕೆಂಡ್ ಡೇಟಾ ಓದಿಸಿ /ಡೆವ್/ನಲ್‌ಗೆ ಬಿಡಿ. ಬಿಡದೆ ಮಿನುಗುವ ಎಲ್‌ಇಡಿ ಇರುವುದು ಎಳೆಯಬಾರದ ಟ್ರೇ, ಅದಕ್ಕೊಂದು ಟೇಪ್ ತುಂಡು ಅಂಟಿಸಿ.

ಬಿಡಿಸುವುದು, ಹಾಕುವುದು

ಒಂದು ಡಿಸ್ಕ್ ಹಲವು ಅರೇಗಳಲ್ಲಿ ಇರಬಹುದು: ಬೂಟ್‌ಗೆ ಒಂದು, ರೂಟ್‌ಗೆ ಒಂದು, ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇನ್ನೊಂದು. ಎಂಡಿಸ್ಟ್ಯಾಟ್‌ನಲ್ಲಿ ಎಸ್‌ಡಿಬಿ ಎಂದಿರುವ ಪ್ರತಿ ಸಾಲನ್ನೂ ಎಣಿಸಿ, ಪ್ರತಿಯೊಂದರಿಂದಲೂ ಬಿಡಿಸಿ. ಸ್ವಾಪ್ ಅನ್ನು ಮರೆಯುವವರೇ ಹೆಚ್ಚು. ಅದು ಮಿರರ್ ಇಲ್ಲದೆ ನೇರ ಎಸ್‌ಡಿಬಿ2ರ ಮೇಲಿದ್ದರೆ ಮೊದಲು ಸ್ವಾಪ್‌ಆಫ್ ಮಾಡಿ.

ಎಂಡಿಎಡಿಎಂ /ಡೆವ್/ಎಂಡಿ0 --ಫೇಲ್ /ಡೆವ್/ಎಸ್‌ಡಿಬಿ1 --ರಿಮೂವ್ /ಡೆವ್/ಎಸ್‌ಡಿಬಿ1

ಡಿಸ್ಕ್ ಈಗಾಗಲೇ ಮಾಯವಾಗಿ ಹೆಸರೇ ಸಿಗದಿದ್ದರೆ --ರಿಮೂವ್ ಡಿಟ್ಯಾಚ್ಡ್ ಎಂದರೆ ಸಾಕು. ನಂತರ /ಸಿಸ್/ಬ್ಲಾಕ್/ಎಸ್‌ಡಿಬಿ/ಡಿವೈಸ್/ಡಿಲೀಟ್ ಕಡತಕ್ಕೆ 1 ಬರೆದರೆ ಕರ್ನಲ್ ಡಿಸ್ಕ್‌ನ ಕೈಬಿಡುತ್ತದೆ. ಹಾಟ್‌ಸ್ವಾಪ್ ಬೇ ಅಲ್ಲದಿದ್ದರೆ ಸರ್ವರ್ ಆರಿಸಿಯೇ ಕೈ ಹಾಕಿ.

ಟ್ರೇಯನ್ನು ಬೆರಳಗಲ ಮುಂದಕ್ಕೆ ಎಳೆದು ಕನೆಕ್ಟರ್ ಬಿಟ್ಟ ಮೇಲೆ ಅಲ್ಲೇ ಅರ್ಧ ನಿಮಿಷ ಬಿಡಿ. ತಟ್ಟೆ ಇನ್ನೂ ತಿರುಗುತ್ತಿದ್ದರೆ ಟ್ರೇ ಹಿಡಿದ ಕೈಗೆ ಸಣ್ಣ ನಡುಕ ಗೊತ್ತಾಗುತ್ತದೆ, ಅದು ನಿಂತ ಮೇಲೆ ಪೂರ್ತಿ ಹೊರತೆಗೆಯಿರಿ. ತೆಗೆದ ಕೂಡಲೇ ಲೇಬಲ್ ಮೇಲಿನ ಸೀರಿಯಲ್ ಅನ್ನು ಬರೆದುಕೊಂಡದ್ದರ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಹೊಸದನ್ನು ಟ್ರೇಗೆ ಕೂರಿಸುವಾಗ ನಾಲ್ಕೂ ಸ್ಕ್ರೂ ಹಾಕಿ. ಎರಡೇ ಹಾಕಿದರೆ ಡಿಸ್ಕ್ ಓರೆಯಾಗಿ ಕನೆಕ್ಟರ್ ಪೂರ್ತಿ ಕೂರದೆ, ಕೆಲವೇ ದಿನದಲ್ಲಿ 199 ಏರತೊಡಗಬಹುದು.

ಅಕಸ್ಮಾತ್ ಚೆನ್ನಾಗಿರುವ ಡಿಸ್ಕೇ ಕೈಗೆ ಬಂದರೆ ಗಾಬರಿಯಲ್ಲಿ ಮತ್ತೆ ತುರುಕಬೇಡಿ. ಸರ್ವರ್ ಆರಿಸಿ, ಆ ಡಿಸ್ಕ್ ಒಂದನ್ನೇ ಹಾಕಿ ಬೂಟ್ ಮಾಡಿ. ಅರೇ ತಾನಾಗಿ ಏಳದಿದ್ದರೆ --ಅಸೆಂಬಲ್ --ರನ್. ಯಾವ ಕಾರಣಕ್ಕೂ --ಕ್ರಿಯೇಟ್ ಬಳಸಬೇಡಿ. ಅದು ಹೊಸ ಸೂಪರ್‌ಬ್ಲಾಕ್ (ಡಿಸ್ಕ್ ಮೇಲೆ ಅರೇಯ ವಿವರ ಇರುವ ಜಾಗ) ಬರೆಯುತ್ತದೆ, ಡೇಟಾ ಶುರುವಾಗುವ ಜಾಗದ ಲೆಕ್ಕ ಹಳೆಯದಕ್ಕಿಂತ ಬೇರೆಯಾಗಿಬಿಡಬಹುದು. ಹಾಗೆಯೇ ವಾರಗಳ ಹಿಂದೆ ಹೊರಬಿದ್ದ ಡಿಸ್ಕ್ ಒಂದರಿಂದಲೇ ಬೂಟ್ ಮಾಡಬೇಡಿ, ಸರ್ವರ್ ಅಂದಿನ ಹಳೆಯ ಡೇಟಾದ ಮೇಲೆ ಹೊಸದನ್ನು ಬರೆಯತೊಡಗುತ್ತದೆ. ಯಾವುದು ಹೊಸದು ಎಂಬ ಅನುಮಾನ ಬಂದರೆ ಎಂಡಿಎಡಿಎಂ --ಎಕ್ಸಾಮಿನ್ ಕೊಟ್ಟು ಅಪ್‌ಡೇಟ್ ಟೈಮ್ ಮತ್ತು ಈವೆಂಟ್ಸ್ ಹೋಲಿಸಿ. ಈವೆಂಟ್ಸ್ ಹೆಚ್ಚಿರುವುದು ಹೊಸದು.

ಪಾರ್ಟಿಷನ್: ದಿಕ್ಕು ತಪ್ಪಬಾರದು

ಹೊಸ ಡಿಸ್ಕ್ ಎಸ್‌ಡಿಬಿ ಆಗಿಯೇ ಬರುತ್ತದೆ ಎಂದೇನಿಲ್ಲ, ಸೀರಿಯಲ್ ನೋಡಿ ಹೆಸರು ಖಚಿತಪಡಿಸಿಕೊಳ್ಳಿ. ಬೇರೆಡೆ ಬಳಸಿದ್ದ ಡಿಸ್ಕ್ ಆದರೆ ವೈಪ್‌ಎಫ್‌ಎಸ್ -ಎ ಕೊಟ್ಟು ಹಳೆಯ ಗುರುತುಗಳನ್ನು ಅಳಿಸಿ.

ಜಿಪಿಟಿ ಬಗೆಯ ಪಾರ್ಟಿಷನ್ ಟೇಬಲ್ ನಕಲಿಗೆ ಎಸ್‌ಜಿಡಿಸ್ಕ್‌ನ ದೊಡ್ಡಕ್ಷರದ ಆರ್ ಆಯ್ಕೆ ಎಲ್ಲರೂ ಹೇಳುವಂಥದ್ದು. ಆದರೆ ಅದರಲ್ಲಿ ಆರ್ ಪಕ್ಕದ ಹೆಸರು ಗುರಿ, ಕೊನೆಯ ಹೆಸರು ಮೂಲ. ನಕಲಿನ ಬೇರೆ ಕಮಾಂಡುಗಳಿಗೆ ಪೂರಾ ಉಲ್ಟಾ. ಉಲ್ಟಾ ಹೊಡೆದರೆ ಖಾಲಿ ಟೇಬಲ್ ತುಂಬಿದ ಡಿಸ್ಕ್ ಮೇಲೆ ಕೂರುತ್ತದೆ. ಅದಕ್ಕೇ ಎರಡು ಹೆಜ್ಜೆಯಲ್ಲಿ ಮಾಡುವುದು ಒಳ್ಳೆಯದು, ಪ್ರತಿ ಹೆಜ್ಜೆಯಲ್ಲೂ ಒಂದೇ ಡಿಸ್ಕ್‌ನ ಹೆಸರು ಬರುವಂತೆ:

ಎಸ್‌ಜಿಡಿಸ್ಕ್ --ಬ್ಯಾಕಪ್=ಟೇಬಲ್.ಬಿನ್ /ಡೆವ್/ಎಸ್‌ಡಿಎ
ಎಸ್‌ಜಿಡಿಸ್ಕ್ --ಲೋಡ್-ಬ್ಯಾಕಪ್=ಟೇಬಲ್.ಬಿನ್ /ಡೆವ್/ಎಸ್‌ಡಿಬಿ

ಇದರಿಂದ ಎಸ್‌ಡಿಎ ಟೇಬಲ್‌ನ ಒಂದು ಪ್ರತಿ ಕಡತವಾಗಿಯೂ ಉಳಿಯುತ್ತದೆ. ಎರಡು ಡಿಸ್ಕ್‌ಗೂ ಒಂದೇ ಗುರುತು ಸಂಖ್ಯೆ ಇರಬಾರದು, ಆದ್ದರಿಂದ ಹೊಸದರ ಮೇಲೆ ದೊಡ್ಡಕ್ಷರದ ಜಿ ಆಯ್ಕೆ ಕೊಟ್ಟು ಹೊಸ ಸಂಖ್ಯೆಗಳನ್ನು ಹಾಕಿಸಿ. ಹೊಸ ಡಿಸ್ಕ್ ದೊಡ್ಡದಾದರೆ ಸಣ್ಣಕ್ಷರದ ಇ ಆಯ್ಕೆಯಿಂದ ಟೇಬಲ್‌ನ ಎರಡನೇ ಪ್ರತಿಯನ್ನು ಡಿಸ್ಕ್ ಕೊನೆಗೆ ಸರಿಸಿ.

ಸೇರಿಸಿ, ಕಾಯುವುದು

ಎಂಡಿಎಡಿಎಂ /ಡೆವ್/ಎಂಡಿ0 --ಆಡ್ /ಡೆವ್/ಎಸ್‌ಡಿಬಿ1

ರೀಬಿಲ್ಡ್ ತಕ್ಷಣ ಶುರುವಾಗುತ್ತದೆ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೆ 2 ಟಿಬಿಗೆ ಸುಮಾರು 3 ಗಂಟೆ 40 ನಿಮಿಷ, 4 ಟಿಬಿಗೆ 7 ಗಂಟೆ 25 ನಿಮಿಷ. ತಟ್ಟೆಯ ಹೊರ ಅಂಚಿನಿಂದ ಒಳಕ್ಕೆ ಹೋದಂತೆ ವೇಗ ಸುಮಾರು ಅರ್ಧಕ್ಕೆ ಇಳಿಯುವುದರಿಂದ ಮೊದಲು ತೋರಿಸಿದ ಸಮಯಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಸರ್ವರ್ ಬಿಡುವಿಲ್ಲದೆ ದುಡಿಯುತ್ತಿದ್ದರೆ ರೀಬಿಲ್ಡ್ ಆಮೆಗತಿಗೆ ಇಳಿಯುತ್ತದೆ, ಏಕೆಂದರೆ ಕರ್ನಲ್ ಖಾತ್ರಿ ಕೊಡುವ ಕನಿಷ್ಠ ವೇಗ ಸೆಕೆಂಡಿಗೆ 1000 ಕೆಬಿ ಮಾತ್ರ. /ಪ್ರಾಕ್/ಸಿಸ್/ಡೆವ್/ರೇಡ್/ಸ್ಪೀಡ್_ಲಿಮಿಟ್_ಮಿನ್ ಅನ್ನು 50000ಕ್ಕೆ ಏರಿಸಿ. ಬಳಕೆದಾರರಿಗೆ ಒಂದು ದಿನ ನಿಧಾನ ಅನ್ನಿಸಿದರೂ ಪರವಾಗಿಲ್ಲ, ಒಂಟಿ ಡಿಸ್ಕ್ ಮೇಲೆ ಕಳೆಯುವ ಗಂಟೆಗಳನ್ನು ಕಡಿಮೆ ಮಾಡುವುದು ಮುಖ್ಯ.

ರೀಬಿಲ್ಡ್ ಒಂದೇ ಶೇಕಡಾವಾರಿನಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಅಥವಾ ಹೊಸ ಡಿಸ್ಕ್ ಸ್ಪೇರ್ ಆಗಿಯೇ ಉಳಿದರೆ ಹೊಸದನ್ನು ದೂರಬೇಡಿ. ಕರ್ನಲ್ ಲಾಗ್‌ನಲ್ಲಿ ಓದುವ ದೋಷ ಎಸ್‌ಡಿಎಯದೇ ಇರುತ್ತದೆ. ಮತ್ತೆ ಮತ್ತೆ ಶುರುಮಾಡಿ ಆ ಡಿಸ್ಕನ್ನು ಸವೆಸದೆ ನಿಲ್ಲಿಸಿ. ಸರ್ವರನ್ನು ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಅರೇ ನಿಲ್ಲಿಸಿ, ಕೆಟ್ಟ ಜಾಗಗಳನ್ನು ದಾಟಿ ನಕಲು ಮಾಡಬಲ್ಲ ಡಿಡಿರೆಸ್ಕ್ಯೂನಿಂದ ಎಸ್‌ಡಿಎಯನ್ನು ಹೊಸ ಡಿಸ್ಕ್‌ಗೆ ಪೂರ್ತಿ ನಕಲು ಮಾಡಿ:

ಡಿಡಿರೆಸ್ಕ್ಯೂ -ಎಫ್ -ಎನ್ /ಡೆವ್/ಎಸ್‌ಡಿಎ /ಡೆವ್/ಎಸ್‌ಡಿಬಿ ನಕಾಶೆ.ಲಾಗ್
ಡಿಡಿರೆಸ್ಕ್ಯೂ -ಎಫ್ -ಡಿ -ಆರ್3 /ಡೆವ್/ಎಸ್‌ಡಿಎ /ಡೆವ್/ಎಸ್‌ಡಿಬಿ ನಕಾಶೆ.ಲಾಗ್

ಮೊದಲ ಸುತ್ತು ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಎರಡನೆಯದು ಕಷ್ಟದ ಜಾಗಗಳನ್ನು ಮೂರು ಸಲ ಪ್ರಯತ್ನಿಸುತ್ತದೆ. ನಕಾಶೆ ಕಡತವನ್ನು ಈ ಎರಡು ಡಿಸ್ಕ್‌ಗಳ ಹೊರಗೆ ಇಡಿ. ಇಲ್ಲಿ ಮೂಲ ಮೊದಲು, ಗುರಿ ಆಮೇಲೆ. ಮುಗಿದ ಮೇಲೆ ಹಳೆಯ ಎಸ್‌ಡಿಎಯನ್ನು ಹೊರತೆಗೆದೇ ಬೂಟ್ ಮಾಡಬೇಕು, ಒಂದೇ ಸೂಪರ್‌ಬ್ಲಾಕ್ ಇರುವ ಎರಡು ಡಿಸ್ಕ್ ಒಟ್ಟಿಗೆ ಇರಬಾರದು. ಫೈಲ್‌ಸಿಸ್ಟಮ್ ಪರೀಕ್ಷಿಸಿ, ಸಿಗದೆ ಹೋದ ಕಡತಗಳನ್ನು ಬ್ಯಾಕಪ್‌ನಿಂದ ತುಂಬಿ, ಆಮೇಲೆ ಇನ್ನೊಂದು ಹೊಸ ಡಿಸ್ಕ್ ಸೇರಿಸಿ.

ಬೂಟ್

ಅರೇ [ಯುಯು] ತೋರಿಸಿದರೂ ಕೆಲಸ ಮುಗಿದಿಲ್ಲ. ಬಯೋಸ್ ಸರ್ವರ್‌ನಲ್ಲಿ ಬೂಟ್‌ಲೋಡರ್ ಅರೇಯ ಹೊರಗಿರುತ್ತದೆ, ಗ್ರಬ್-ಇನ್‌ಸ್ಟಾಲ್ /ಡೆವ್/ಎಸ್‌ಡಿಬಿ ಕೊಡದಿದ್ದರೆ ಮುಂದೊಂದು ದಿನ ಎಸ್‌ಡಿಎ ಹೋದಾಗ ಡೇಟಾ ಇದ್ದೂ ಸರ್ವರ್ ಏಳುವುದಿಲ್ಲ. ಬಯೋಸ್ ಬದಲು ಯುಇಎಫ್‌ಐ ಆದರೆ ಬೂಟ್ ಕಡತಗಳಿರುವ ಇಎಸ್‌ಪಿ ಪಾರ್ಟಿಷನ್ ಸಾಮಾನ್ಯವಾಗಿ ಮಿರರ್ ಆಗಿರುವುದಿಲ್ಲ: ಹೊಸದರಲ್ಲಿ ಫ್ಯಾಟ್ ಫಾರ್ಮ್ಯಾಟ್ ಮಾಡಿ, ಕಡತಗಳನ್ನು ನಕಲಿಸಿ, ಇಎಫ್‌ಐಬೂಟ್‌ಎಂಜಿಆರ್‌ನಿಂದ ಎರಡನೇ ಬೂಟ್ ನಮೂದು ಸೇರಿಸಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿ) ಹಳೆಯ ಇಎಸ್‌ಪಿ ಅಥವಾ ಸ್ವಾಪ್‌ನ ಗುರುತು ಸಂಖ್ಯೆ ಉಳಿದಿದ್ದರೆ ಬದಲಿಸಿ, ಇಲ್ಲದಿದ್ದರೆ ಬೂಟ್ ಆಗುವಾಗ ಅದಕ್ಕಾಗಿ ಕಾಯುತ್ತಾ ಕೂರುತ್ತದೆ.

ಝಡ್‌ಎಫ್‌ಎಸ್ ಮತ್ತು ರೇಡ್ ಕಾರ್ಡ್ ಇದ್ದರೆ

ಝಡ್‌ಎಫ್‌ಎಸ್ ತನ್ನದೇ ಮಿರರ್ ಸೌಲಭ್ಯ ಇರುವ ಫೈಲ್‌ಸಿಸ್ಟಮ್. ಅದರ ಮಿರರ್‌ನಲ್ಲಿ ಝಡ್‌ಪೂಲ್ ರೀಪ್ಲೇಸ್ ಒಂದೇ ಸಾಕು, ಬಳಕೆಯಲ್ಲಿರುವ ಡೇಟಾ ಮಾತ್ರ ನಕಲಾಗುವುದರಿಂದ ಬೇಗ ಮುಗಿಯುತ್ತದೆ. ಝಡ್‌ಪೂಲ್ ಆಡ್ ಮಾತ್ರ ಕೊಡಬೇಡಿ. ಅದು ಎಚ್ಚರಿಸಿದಾಗಲೂ -ಎಫ್ ಹಾಕಿ ಮುಂದುವರಿದರೆ ಒಂಟಿ ಡಿಸ್ಕ್ ಪೂಲ್‌ನ ಭಾಗವಾಗಿಬಿಡುತ್ತದೆ, ಅದೊಂದು ಹೋದರೆ ಇಡೀ ಪೂಲ್ ಹೋಗುತ್ತದೆ. ಮಿರರ್‌ಗೆ ಜೊತೆ ಸೇರಿಸುವ ಪದ ಅಟ್ಯಾಚ್.

ರೇಡ್ ಕಾರ್ಡ್ ಇರುವಲ್ಲಿ ಹೊಸ ಡಿಸ್ಕ್ ಹಾಕಿದ ಕೂಡಲೇ ರೀಬಿಲ್ಡ್ ತಾನೇ ಶುರುವಾಗುವುದು ವಾಡಿಕೆ. ಆಗದೆ ‘ಫಾರಿನ್’ ಎಂದು ತೋರಿಸಿದರೆ ಆ ಡಿಸ್ಕ್ ಮೇಲೆ ಇನ್ನೊಂದು ಅರೇಯ ಹಳೆಯ ವಿವರ ಇದೆ. ಅದನ್ನು ಕ್ಲಿಯರ್ ಮಾಡಬೇಕು, ಇಂಪೋರ್ಟ್ ಅಲ್ಲ.

ಮುಗಿಸುವ ಮುನ್ನ

/ಸಿಸ್/ಬ್ಲಾಕ್/ಎಂಡಿ0/ಎಂಡಿ/ಸಿಂಕ್_ಆಕ್ಷನ್ ಕಡತಕ್ಕೆ ಚೆಕ್ ಎಂದು ಬರೆದು ಎರಡೂ ಡಿಸ್ಕ್‌ಗಳನ್ನು ಒಮ್ಮೆ ಪೂರ್ತಿ ಹೋಲಿಸಿ, ಮುಗಿದ ಮೇಲೆ ಮಿಸ್‌ಮ್ಯಾಚ್_ಸಿಎನ್‌ಟಿ (ತಾಳೆಯಾಗದ ಜಾಗಗಳ ಲೆಕ್ಕ) ನೋಡಿ. ಅದು ಸೊನ್ನೆ ಇರಬೇಕು. ಸ್ವಾಪ್ ಇರುವ ಮಿರರ್‌ನಲ್ಲಿ ಸ್ವಲ್ಪ ಹೆಚ್ಚಿದ್ದರೆ ಚಿಂತೆಯಿಲ್ಲ. ಡಿಸ್ಕ್ ಬಿದ್ದಾಗ ಮೇಲ್ ಬಂದಿರಲಿಲ್ಲ ಎಂದಾದರೆ ಎಂಡಿಎಡಿಎಂ --ಮಾನಿಟರ್ --ಸ್ಕ್ಯಾನ್ --ಟೆಸ್ಟ್ --ಒನ್‌ಶಾಟ್ ಕೊಟ್ಟು ಪರೀಕ್ಷಾ ಮೇಲ್ ನಿಜಕ್ಕೂ ಇನ್‌ಬಾಕ್ಸ್‌ಗೆ ತಲುಪುವವರೆಗೆ ಬಿಡಬೇಡಿ. ಹೊಸ ಡಿಸ್ಕ್‌ನ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರಗಳನ್ನು ಟ್ರೇ ಮುಂಭಾಗಕ್ಕೆ ಬರೆದು ಅಂಟಿಸಿ.

ಹೊರತೆಗೆದ ಡಿಸ್ಕ್ ಮೇಲೆ ‘ಕೆಟ್ಟದ್ದು’ ಎಂದು ದಪ್ಪಕ್ಷರದಲ್ಲಿ ತಾರೀಕಿನ ಸಮೇತ ಬರೆದು, ಅರೇ ಒಂದೆರಡು ವಾರ ನೆಮ್ಮದಿಯಾಗಿ ಓಡುವವರೆಗೆ ಬೇರೆಯಾಗಿ ಎತ್ತಿಡಿ. ಆಮೇಲೆ ಅದರ ಸೂಪರ್‌ಬ್ಲಾಕ್ ಅಳಿಸದೆ ಯಾವ ಸರ್ವರ್‌ಗೂ ಹಾಕಬೇಡಿ.